ಮೂವರಿಗೆ ಮೂರು ಕಾಯಿಲೆ, ಹಚ್ಚುವ ಮುಲಾಮು ಮಾತ್ರ ಒಂದೇ

ಪ್ರಶ್ನೆ:

ಡಾಕ್ಟರೇ, ನನಗೆ ಮೂವತ್ತನಾಲ್ಕು ವರ್ಷ. ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದೇವೆ. ಒಂಬತ್ತು ವರ್ಷದಿಂದ ನನಗೆ ಸೋರಿಯಾಸಿಸ್ ಇದೆ. ಮೊಣಕೈ, ಮಂಡಿ, ತಲೆಯ ಹಿಂಭಾಗದಲ್ಲಿ ದಪ್ಪಗೆ ಏಳುತ್ತದೆ, ಬೆಳ್ಳಗೆ ಹೊಟ್ಟು ಉದುರುತ್ತದೆ. ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಅದೇ ಜಾಗದಲ್ಲಿ ಬರುತ್ತದೆ. ಹೇಗೋ ಅದರ ಜೊತೆ ಬದುಕುವುದನ್ನು ಕಲಿತಿದ್ದೆ.

ಈಗ ಐದು ವರ್ಷದ ನನ್ನ ಮಗನಿಗೂ ಶುರುವಾಗಿದೆ. ಮೊಣಕೈ ಒಳಮಡಿಕೆ, ಮಂಡಿಯ ಹಿಂದೆ, ಕುತ್ತಿಗೆಯಲ್ಲಿ. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ, ಬೆಳಿಗ್ಗೆ ಎದ್ದರೆ ಹಾಸಿಗೆಯ ಮೇಲೆ ರಕ್ತದ ಕಲೆ. ನನ್ನದೇ ಕಾಯಿಲೆ ಅಂದುಕೊಂಡು ನನ್ನ ಮುಲಾಮನ್ನೇ ಹತ್ತು ದಿನ ಹಚ್ಚಿದೆ. ಮೂರನೇ ದಿನಕ್ಕೇ ಇಳಿಯಿತು. ಹಚ್ಚುವುದು ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಜೋರಾಗಿ ಬಂತು. ನನ್ನ ತಂಗಿಗೂ ಮಣಿಕಟ್ಟಿನ ಮೇಲೆ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು ಎದ್ದಿವೆ. ಅವಳೂ ಅದೇ ಟ್ಯೂಬು ಹಚ್ಚಿಕೊಳ್ಳುತ್ತಿದ್ದಾಳೆ.

"ನಿನ್ನ ಮೈಯಲ್ಲಿರೋದೇ ಮಗೂಗೆ ಬಂತು" ಅನ್ನುತ್ತಾರೆ ಅತ್ತೆ. ಅದಕ್ಕೇ ಎರಡು ತಿಂಗಳಿಂದ ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡಿಲ್ಲ. ರಕ್ತ ಕೆಟ್ಟಿದೆ, ನಂಜಿನ ಪದಾರ್ಥ ಬಿಡಿ ಎಂದು ಒಬ್ಬರು ಹೇಳುತ್ತಾರೆ. ರೋಗನಿರೋಧಕ ಶಕ್ತಿ ಕಡಿಮೆಯಾಗಿದೆ, ಈ ಪುಡಿ ತಿನ್ನಿಸಿ ಎಂದು ಇನ್ನೊಬ್ಬರು ಡಬ್ಬಿ ತಂದುಕೊಟ್ಟಿದ್ದಾರೆ. ನಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತಂತೆ, ಈಗಲೂ ಬೆಳಿಗ್ಗೆ ಎದ್ದ ತಕ್ಷಣ ಹತ್ತಾರು ಸೀನು ಬರುತ್ತವೆ. ಅದು ಬಿಟ್ಟರೆ ಅವರ ಮನೆಯಲ್ಲಿ ಯಾರಿಗೂ ಚರ್ಮದ ತೊಂದರೆ ಇಲ್ಲ. ಅಂದಮೇಲೆ ಇದು ನನ್ನಿಂದಲೇ ಬಂದದ್ದು ತಾನೇ? ಮೂವರಿಗೂ ಇರುವುದು ಒಂದೇ ಕಾಯಿಲೆಯೇ? ಯಾವ ಮುಲಾಮು ಹಚ್ಚಲಿ? ದಯವಿಟ್ಟು ತಿಳಿಸಿ.

— ಹೆಸರು ಬೇಡ

ಉತ್ತರ:

ತಂಗಿ, ಉಳಿದದ್ದನ್ನೆಲ್ಲ ಆಮೇಲೆ ಓದುವಿರಂತೆ. ಇವತ್ತು ರಾತ್ರಿ ಮಗನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಿ. ಸೋರಿಯಾಸಿಸ್ ಅಂಟುವ ಕಾಯಿಲೆಯಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದರೂ, ಒಂದೇ ಟವೆಲಿನಲ್ಲಿ ಮೈ ಒರೆಸಿಕೊಂಡರೂ, ಮುದ್ದಾಡಿದರೂ ಅದು ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ. ಎರಡು ತಿಂಗಳು ಅಮ್ಮನ ಮಗ್ಗುಲು ಸಿಗದೆ ತುರಿಕೆಯ ಜೊತೆ ಒಬ್ಬನೇ ಮಲಗಿದ ಆ ಮಗುವಿಗೆ ಮೊದಲು ಸಿಗಬೇಕಾದ ಮದ್ದು ನೀವೇ.

ಎರಡನೆಯದಾಗಿ, ನಿಮ್ಮ ಟ್ಯೂಬನ್ನು ಅವನಿಗೆ ಮತ್ತೆ ಹಚ್ಚಬೇಡಿ. ಹತ್ತು ದಿನ ಹಚ್ಚಿದ್ದಕ್ಕೆ ಗಾಬರಿ ಬೇಡ, ಅಷ್ಟರಿಂದ ಶಾಶ್ವತ ಹಾನಿಯಾಗುವುದು ಅಪರೂಪ. ಆದರೆ ಅಲ್ಲಿಗೇ ನಿಲ್ಲಲಿ.

ಕಾಗದ ಓದಿ ಕಾಯಿಲೆಯನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಚರ್ಮವನ್ನು ಕಣ್ಣಾರೆ ನೋಡಬೇಕು, ಕೈಯಿಂದ ಮುಟ್ಟಬೇಕು. ಆದರೂ ನೀವು ಜಾಗ, ಬಣ್ಣ, ಹೊತ್ತು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದೀರಿ. ಅದನ್ನು ನೋಡಿದರೆ ನಿಮ್ಮದು ಸೋರಿಯಾಸಿಸ್, ಮಗನದು ಎಟೋಪಿಕ್ ಡರ್ಮಟೈಟಿಸ್ ಎನ್ನುವ ಇಸುಬು, ತಂಗಿಯದು ಲೈಕನ್ ಪ್ಲೇನಸ್ ಇರಬಹುದು ಅನ್ನಿಸುತ್ತದೆ. ಮೂರೂ ಬೇರೆ ಬೇರೆ ಕಾಯಿಲೆಗಳು. ಮೂರರಲ್ಲೂ ಚರ್ಮ ಕೆರಳುತ್ತದೆ, ಕೆರಳಿಸುವ ರಕ್ಷಣಾಕೋಶಗಳು ಮಾತ್ರ ಬೇರೆ. ಇದೊಂದು ಅರ್ಥವಾದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿದೆ

ರೋಗನಿರೋಧಕ ಶಕ್ತಿಯನ್ನು ನಾವು ತೊಟ್ಟಿಯ ನೀರಿನ ಹಾಗೆ ಅಳೆಯುತ್ತೇವೆ. ಕಡಿಮೆಯಾದರೆ ತುಂಬಿಸಬೇಕು, ತುಂಬಿದ್ದರೆ ಕ್ಷೇಮ ಎಂದುಕೊಳ್ಳುತ್ತೇವೆ. ಕೊರೋನಾ ಬಂದು ಹೋದಮೇಲೆ ಈ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಆದರೆ ಅದು ಅಳೆದು ಸುರಿಯುವ ಒಂದೇ ಪದಾರ್ಥವಲ್ಲ. ನೂರಾರು ಬಗೆಯ ಕೋಶಗಳು ಹಂಚಿಕೊಂಡು ಮಾಡುವ ಕೆಲಸ. ಅವುಗಳಲ್ಲಿ ಬಹಳಷ್ಟು ಚರ್ಮದಲ್ಲೂ ಇವೆ. ಟಿ ಕೋಶ ಎನ್ನುವ ಬಿಳಿ ರಕ್ತಕಣಗಳ ಲೆಕ್ಕವನ್ನೇ ತೆಗೆದುಕೊಳ್ಳಿ. ವಯಸ್ಕರೊಬ್ಬರ ಚರ್ಮದಲ್ಲಿ ಸುಮಾರು 2,000 ಕೋಟಿ ಇವೆ ಎಂದು ಅಂದಾಜು. ರಕ್ತದಲ್ಲಿ ಓಡಾಡುವುದಕ್ಕಿಂತ ಇದು ಹೆಚ್ಚುಕಡಿಮೆ ಎರಡರಷ್ಟು.

ಈ ಟಿ ಕೋಶಗಳು ಎದುರಾಳಿಯನ್ನು ನೋಡಿ ಕೆಲಸ ಆರಿಸಿಕೊಳ್ಳುತ್ತವೆ. ವೈರಸ್ಸು ನಮ್ಮ ಕೋಶದ ಒಳಗೇ ಹೊಕ್ಕು ಕೂತಿದ್ದರೆ ಆ ಕೋಶವನ್ನೇ ಕೊಲ್ಲುವ ತಂಡ ಬರುತ್ತದೆ. ಹುಳುಗಳು, ಅಲರ್ಜಿ ತರುವ ವಸ್ತುಗಳು ಬಂದರೆ ಇನ್ನೊಂದು ತಂಡ. ಅದು ಇಯೋಸಿನೋಫಿಲ್, ಮಾಸ್ಟ್ ಕೋಶಗಳನ್ನು ಕರೆಯುತ್ತದೆ, ತುರಿಕೆ ಹುಟ್ಟಿಸುತ್ತದೆ. ಶಿಲೀಂಧ್ರ ಮತ್ತು ಹೊರಗಿನ ಬ್ಯಾಕ್ಟೀರಿಯಾಗಳಿಗೆ ಮೂರನೆಯ ತಂಡ. ಅದು ನ್ಯೂಟ್ರೋಫಿಲ್‌ಗಳನ್ನು ಕರೆದು ಕೀವು ಮಾಡಿಸುತ್ತದೆ. ವಿಜ್ಞಾನಿಗಳು ಇವನ್ನು ಕ್ರಮವಾಗಿ ಟೈಪ್ 1, ಟೈಪ್ 2, ಟೈಪ್ 17 ಎಂದು ಕರೆಯುತ್ತಾರೆ. ಮೂರೂ ನಮ್ಮ ರಕ್ಷಣೆಗೆ ಬೇಕಾದವೇ. ಎದುರಾಳಿ ಇಲ್ಲದಿದ್ದರೂ ಇವುಗಳಲ್ಲಿ ಒಂದು ತಂಡ ಚರ್ಮಕ್ಕೆ ಇಳಿದು ಕೆಲಸ ನಿಲ್ಲಿಸದೆ ಹೋದಾಗ ಕಾಯಿಲೆಯಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ನಿಮ್ಮಲ್ಲಿ ಮೂರನೆಯ ತಂಡ ಇಳಿದಿದೆ, ಮಗನಲ್ಲಿ ಎರಡನೆಯದು, ತಂಗಿಯಲ್ಲಿ ಮೊದಲನೆಯದು.

ಈಗ ಆ ಪುಡಿಯ ಡಬ್ಬಿಯ ಮಾತು. ಕಡಿಮೆಯೇ ಆಗಿಲ್ಲದ ಶಕ್ತಿಯನ್ನು ಹೆಚ್ಚಿಸುತ್ತೇನೆ ಎನ್ನುವ ಪುಡಿ ನಿಮಗೂ ಬೇಡ, ಮಗುವಿಗೂ ಬೇಡ. ಅದರಲ್ಲಿ ಏನು ಬೆರೆತಿದೆ ಎಂದು ಗೊತ್ತಿಲ್ಲದೆ ಐದು ವರ್ಷದ ಮಗುವಿನ ಹೊಟ್ಟೆಗೆ ಹಾಕುವುದು ಸರಿಯಲ್ಲ. ರಕ್ತವೂ ಕೆಟ್ಟಿಲ್ಲ.

ನಿಮ್ಮ ಚರ್ಮದಲ್ಲಿ ನಡೆಯುತ್ತಿರುವುದು

ಸೋರಿಯಾಸಿಸ್‌ನಲ್ಲಿ ಚರ್ಮದೊಳಗಿನ ಕೆಲವು ಕೋಶಗಳು ಇಂಟರ್‌ಲ್ಯೂಕಿನ್ 23 ಎನ್ನುವ ಸಂದೇಶ ಕಳಿಸುತ್ತವೆ. ಅದನ್ನು ಕೇಳಿದ ಟಿ ಕೋಶಗಳು ಇಂಟರ್‌ಲ್ಯೂಕಿನ್ 17 ಸುರಿಸುತ್ತವೆ. ಆಗ ಮೇಲ್ಚರ್ಮದ ಕೋಶಗಳಿಗೆ ಎಲ್ಲಿಲ್ಲದ ಅವಸರ ಹುಟ್ಟುತ್ತದೆ. ಮಾಮೂಲಿಯಾಗಿ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವಲ್ಲಿ ಅದು ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಒಣಗುವ ಮೊದಲೇ ಇಟ್ಟಿಗೆ ಜೋಡಿಸುತ್ತ ಹೋದ ಗೋಡೆಯ ಹಾಗೆ ಚರ್ಮ ದಪ್ಪವಾಗುತ್ತದೆ, ಪದರ ಪದರವಾಗಿ ಹೊಟ್ಟು ಏಳುತ್ತದೆ. ಆ ಹೊಟ್ಟಿನ ಒಳಗೆ ನ್ಯೂಟ್ರೋಫಿಲ್‌ಗಳು ಪುಟ್ಟ ಪುಟ್ಟ ಗುಂಪು ಕಟ್ಟಿಕೊಂಡಿರುತ್ತವೆ. 1898ರಲ್ಲಿ ಇವನ್ನು ವಿವರಿಸಿದ ಮನ್ರೋ ಅವರ ಹೆಸರಿನಲ್ಲಿ ಇಂದಿಗೂ ಅವು ಪಠ್ಯಪುಸ್ತಕದಲ್ಲಿವೆ. ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯಲ್ಲಿ ಇವು ಕಂಡರೆ ಸೋರಿಯಾಸಿಸ್ ಎನ್ನಲು ಬಲವಾದ ಸುಳಿವು.

ಇದು ರಕ್ಷಣಾಕೋಶಗಳ ಕಾಯಿಲೆ ಎಂದು ತಿಳಿದದ್ದೂ ಆಕಸ್ಮಿಕವಾಗಿಯೇ. ಬಹಳ ಕಾಲ ಇದು ಬರೀ ಮೇಲ್ಚರ್ಮದ ಬೆಳವಣಿಗೆಯ ದೋಷ ಎಂದೇ ವೈದ್ಯರು ನಂಬಿದ್ದರು. 1979ರಲ್ಲಿ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಟಿ ಕೋಶಗಳನ್ನು ತಡೆಯುವ ಸೈಕ್ಲೋಸ್ಪೋರಿನ್ ಔಷಧಿಯನ್ನು ಸೋರಿಯಾಸಿಸ್ ಜೊತೆಗೆ ಕೀಲುನೋವೂ ಇದ್ದ ಕೆಲವರಿಗೆ ಕೊಟ್ಟು ನೋಡಿದರು. ಕಾಯುತ್ತಿದ್ದದ್ದು ಕೀಲು ಸುಧಾರಿಸಲಿ ಎಂದು. ಚರ್ಮವೂ ತಿಳಿಯಾಯಿತು. ಟಿ ಕೋಶ ಸುಮ್ಮನಾದರೆ ಹೊಟ್ಟು ನಿಲ್ಲುತ್ತದೆ ಎಂದು ಅಲ್ಲಿಂದ ಗೊತ್ತಾಯಿತು. ಇಂದು ಇಂಟರ್‌ಲ್ಯೂಕಿನ್ 17 ಅಥವಾ 23ನ್ನು ಮಾತ್ರ ಗುರಿಯಿಟ್ಟು ತಡೆಯುವ ಇಂಜೆಕ್ಷನ್‌ಗಳಿವೆ. ಟಿ ಕೋಶದ ಮೇಲಿನ ಇನ್ನೊಂದು ಗುರುತನ್ನು ಹಿಡಿಯುವ ಇಟೋಲಿಝುಮ್ಯಾಬ್ ಔಷಧಿಯನ್ನು ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಸೋರಿಯಾಸಿಸ್‌ಗೆಂದೇ ಹೊರತಂದಿತು. ಇವೆಲ್ಲ ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ. ನಿಮ್ಮಂತೆ ಕೆಲವೇ ಜಾಗಗಳಲ್ಲಿ ಇರುವವರಿಗೆ ಮುಲಾಮು, ಬೆಳಕಿನ ಚಿಕಿತ್ಸೆಯೇ ಸಾಕಾಗುವುದುಂಟು.

ವಾಸಿಯಾದ ಮೇಲೂ ಅದೇ ಜಾಗದಲ್ಲಿ ಯಾಕೆ ಬರುತ್ತದೆ? ಕಣ್ಣಿಗೆ ವಾಸಿಯಾದ ಜಾಗದಲ್ಲಿ ಕೆಲವು ಟಿ ಕೋಶಗಳು ನೆಲೆಯೂರಿ ಉಳಿದುಬಿಡುತ್ತವೆ. ಅವಕ್ಕೆ ನೆನಪಿದೆ. ಗಂಟಲಿನ ಸೋಂಕು, ಚರ್ಮಕ್ಕೆ ಬಿದ್ದ ಪೆಟ್ಟು, ಮನಸ್ಸಿನ ಒತ್ತಡ, ತಂಬಾಕು, ಮದ್ಯ, ಕೆಲವು ರಕ್ತದೊತ್ತಡದ ಮಾತ್ರೆಗಳು ಅವನ್ನು ಮತ್ತೆ ಎಬ್ಬಿಸಬಹುದು. ಮರಳಿ ಬಂದದ್ದು ನಿಮ್ಮ ಪಥ್ಯದ ತಪ್ಪಿನಿಂದ ಅಲ್ಲ.

ಮಗನ ಚರ್ಮದಲ್ಲಿ ನಡೆಯುತ್ತಿರುವುದು

ಸೋರಿಯಾಸಿಸ್ ಸಾಮಾನ್ಯವಾಗಿ ಮೊಣಕೈ, ಮಂಡಿಗಳ ಹೊರಬದಿಯಲ್ಲಿ ಬರುತ್ತದೆ. ಇಸುಬು ಐದು ವರ್ಷದ ಮಕ್ಕಳಲ್ಲಿ ಒಳಮಡಿಕೆ ಹಿಡಿಯುತ್ತದೆ. ಇಬ್ಬರ ಮೊಣಕೈಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಜಾಗದ ವ್ಯತ್ಯಾಸ ನಿಮಗೇ ಕಾಣುತ್ತದೆ. ಪುಸ್ತಕಗಳಲ್ಲಿ ಇಸುಬು ಕೆಂಪಗಿರುತ್ತದೆ ಎಂದು ಬರೆದಿರುತ್ತಾರೆ. ನಮ್ಮ ಗೋಧಿ, ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅದು ಕಂದಾಗಿ, ಬೂದು ಬಣ್ಣಕ್ಕೆ, ಕೆಲವೊಮ್ಮೆ ಬರೀ ತರಿತರಿಯಾಗಿ ಕಾಣುತ್ತದೆ. ಕೆಂಪಿಲ್ಲ ಎಂದು ಅಲಕ್ಷ್ಯ ಮಾಡಬಾರದು.

ಇಲ್ಲಿ ತೊಂದರೆ ಬಹಳಷ್ಟು ಮಟ್ಟಿಗೆ ಗೋಡೆಯ ಗಾರೆಯಿಂದ ಶುರುವಾಗುತ್ತದೆ. ಮೇಲ್ಚರ್ಮವನ್ನು ಬಿಗಿಯಾಗಿಡುವ, ತೇವ ಹಿಡಿದಿಡುವ ಫಿಲಾಗ್ರಿನ್ ಎನ್ನುವ ಪ್ರೋಟೀನಿದೆ. ಅದರ ಜೀನ್‌ನಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಂಭವ ಹೆಚ್ಚು ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ಸಂಶೋಧಕರ ತಂಡ ತೋರಿಸಿತು. ಇಸುಬು ಇರುವ ಎಲ್ಲರಲ್ಲೂ ಆ ದೋಷ ಇರುವುದಿಲ್ಲ, ಆದರೆ ಗೋಡೆ ಸಡಿಲವಾಗಿರುವುದು ಎಲ್ಲರಲ್ಲೂ ಸಾಮಾನ್ಯ. ಸಡಿಲವಾದ ಸಂದಿಯಿಂದ ತೇವ ಹೊರಗೆ ಹೋಗುತ್ತದೆ, ಧೂಳು, ಸೋಪು, ಕ್ರಿಮಿ ಒಳಗೆ ಬರುತ್ತವೆ. ಎರಡನೆಯ ತಂಡ ಎದ್ದೇಳುತ್ತದೆ. ಅದು ಸುರಿಸುವ ಇಂಟರ್‌ಲ್ಯೂಕಿನ್ 4 ಮತ್ತು 13 ಇದ್ದ ಫಿಲಾಗ್ರಿನ್ನನ್ನೂ ಕುಗ್ಗಿಸುತ್ತವೆ. ಗೋಡೆ ಇನ್ನಷ್ಟು ಸಡಿಲವಾಗುತ್ತದೆ.

ರಾತ್ರಿಯ ತುರಿಕೆಗೂ ಇದೇ ಮೂಲ. ಇಂಟರ್‌ಲ್ಯೂಕಿನ್ 31 ಎನ್ನುವ ಇನ್ನೊಂದು ಸಂದೇಶ ನೇರವಾಗಿ ನರದ ತುದಿಯನ್ನೇ ಕೆಣಕುತ್ತದೆ. ಅಲರ್ಜಿ ಮಾತ್ರೆ ನುಂಗಿಸಿದರೂ ಮಗು ಕೆರೆಯುವುದು ಪೂರ್ತಿ ನಿಲ್ಲುವುದಿಲ್ಲ. ಆ ಮಾತ್ರೆ ತಡೆಯುವುದು ಹಿಸ್ಟಮಿನ್ನನ್ನು, ಇಲ್ಲಿಯ ತುರಿಕೆಯ ಹೆಚ್ಚು ಪಾಲು ಅದರಿಂದ ಬರುವುದಲ್ಲ. ಮೈಮೇಲೆ ದಡ್ಡುದಡ್ಡಾಗಿ ಎದ್ದು ಕೆಲವೇ ಗಂಟೆಗಳಲ್ಲಿ ಗುರುತಿಲ್ಲದಂತೆ ಇಳಿಯುವ ಪಿತ್ತದ ಗಂಧೆಯಲ್ಲಿ ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ. ಆ ಮಾತ್ರೆ ನಿಜವಾಗಿ ಕೆಲಸ ಮಾಡುವುದು ಅಲ್ಲಿ.

ಇನ್ನೂ ಒಂದು ವ್ಯತ್ಯಾಸ ನೋಡಿ. ನಿಮ್ಮ ಮೊಣಕೈ ಎಷ್ಟೇ ಬಿರಿದರೂ ಅದರಲ್ಲಿ ಕೀವಾಗುವುದು ಕಡಿಮೆ. ಮಗನ ಗಾಯ ಬೇಗ ಸೋರುತ್ತದೆ, ಹಳದಿ ಹಕ್ಕಳೆ ಕಟ್ಟುತ್ತದೆ. ಇಂಟರ್‌ಲ್ಯೂಕಿನ್ 17 ಇರುವ ಚರ್ಮದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನುಗಳು ಧಾರಾಳವಾಗಿ ತಯಾರಾಗುತ್ತವೆ. ಇಸುಬಿನ ಚರ್ಮದಲ್ಲಿ ಅವು ಕಡಿಮೆ. ಸ್ಟ್ಯಾಫಿಲೋಕಾಕಸ್ ಎನ್ನುವ ಬ್ಯಾಕ್ಟೀರಿಯಾ ಅಲ್ಲಿ ಸುಲಭವಾಗಿ ನೆಲೆಸುತ್ತದೆ.

ಈ ಎರಡು ದಾರಿಗಳು ಎಷ್ಟು ಬೇರೆ ಎನ್ನುವುದಕ್ಕೆ ಔಷಧಿಗಳೇ ಸಾಕ್ಷಿ. ಇಂಟರ್‌ಲ್ಯೂಕಿನ್ 4 ಮತ್ತು 13ರ ಕೆಲಸ ತಡೆಯುವ ಡುಪಿಲುಮ್ಯಾಬ್ 2017ರಲ್ಲಿ ಅಮೆರಿಕದಲ್ಲಿ ಇಸುಬಿಗೆ ಒಪ್ಪಿಗೆ ಪಡೆಯಿತು. ಅದನ್ನು ತೆಗೆದುಕೊಂಡ ಕೆಲವರಲ್ಲಿ ಇಸುಬು ಇಳಿದು ಸೋರಿಯಾಸಿಸ್‌ನಂಥ ಮಚ್ಚೆಗಳು ಎದ್ದದ್ದುಂಟು. ಇಂಟರ್‌ಲ್ಯೂಕಿನ್ 17 ತಡೆದ ಕೆಲವು ಸೋರಿಯಾಸಿಸ್ ರೋಗಿಗಳಲ್ಲಿ ಇಸುಬು ಕಾಣಿಸಿಕೊಂಡದ್ದೂ ಉಂಟು. ತಕ್ಕಡಿಯ ಒಂದು ತಟ್ಟೆ ಇಳಿಸಿದರೆ ಇನ್ನೊಂದು ಏರಿದ ಹಾಗೆ. ಒಬ್ಬರ ಔಷಧಿ ಇನ್ನೊಬ್ಬರಿಗೆ ಆಗದು ಎನ್ನಲು ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನು "ನನ್ನಿಂದಲೇ ಬಂತೇ" ಎಂಬ ನಿಮ್ಮ ಸಂಕಟ. ಉತ್ತರ ನಿಮ್ಮ ಕಾಗದದ ಕೊನೆಯಲ್ಲಿ, ನೀವು ಮುಖ್ಯವಲ್ಲ ಎಂದುಕೊಂಡು ಬರೆದ ಸಾಲಿನಲ್ಲಿದೆ. ಯಜಮಾನರ ಬಾಲ್ಯದ ಉಬ್ಬಸ, ಬೆಳಗಿನ ಸೀನು, ಮಗನ ಇಸುಬು ಮೂರೂ ಒಂದೇ ಎರಡನೆಯ ತಂಡದ ಕೆಲಸಗಳು. ಒಂದೇ ಮನೆತನದಲ್ಲಿ ಒಬ್ಬರ ಮೂಗಿನಲ್ಲಿ, ಒಬ್ಬರ ಎದೆಯಲ್ಲಿ, ಒಬ್ಬರ ಚರ್ಮದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ನಿಮ್ಮ ಮೇಲಿನ ಆಪಾದನೆಯನ್ನು ಅವರ ತಲೆಗೆ ಕಟ್ಟಲು ಇದನ್ನು ಹೇಳುತ್ತಿಲ್ಲ. ಮೈಬಣ್ಣ, ಮೂಗು, ಕಣ್ಣು ಬಂದ ಹಾಗೆ ಇದರ ಒಲವೂ ಹುಟ್ಟಿನಿಂದ ಬರುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ. ತಾಯಿಗೆ ಸೋರಿಯಾಸಿಸ್ ಇದ್ದರೆ ಮಗುವಿಗೆ ಮುಂದೆ ಅದು ಬರುವ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚು ಎನ್ನುವುದು ನಿಜ. ಹಾಗಿದ್ದೂ ಅಂಥ ಹೆಚ್ಚಿನ ಮಕ್ಕಳಿಗೆ ಅದು ಬರುವುದೇ ಇಲ್ಲ. ಮಕ್ಕಳ ಇಸುಬು ಬಹಳಷ್ಟು ಸಲ ಬೆಳೆಯುತ್ತ ಬೆಳೆಯುತ್ತ ಹಗುರವಾಗುತ್ತದೆ.

ತಂಗಿಯ ಮಣಿಕಟ್ಟು

ಲೈಕನ್ ಪ್ಲೇನಸ್‌ನಲ್ಲಿ ಕೊಲ್ಲುವ ಟಿ ಕೋಶಗಳು ಮೇಲ್ಚರ್ಮದ ತಳಕ್ಕೆ ಸಾಲುಗಟ್ಟಿ ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೋಡೆಯ ಬುಡಕ್ಕೆ ಪಟ್ಟಿ ಹೊಡೆದ ಹಾಗೆ ಕಾಣುತ್ತದೆ. ಇಂಟರ್‌ಫೆರಾನ್ ಗಾಮಾ ಎನ್ನುವ ಸಂದೇಶದ ಕುಮ್ಮಕ್ಕಿನಿಂದ ಅವು ತಳದ ಕೋಶಗಳನ್ನು ಕೊಲ್ಲುತ್ತವೆ. ಚರ್ಮದ ಬಣ್ಣ ಇರುವುದು ಆ ತಳದಲ್ಲೇ. ಕೋಶ ಸತ್ತಾಗ ಬಣ್ಣ ಕೆಳಕ್ಕೆ ಸೋರಿ ಉಳಿದುಬಿಡುತ್ತದೆ. ಗುಳ್ಳೆ ಇಳಿದರೂ ಕಪ್ಪು ಕಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಲ್ಲುವುದು ಹೀಗೆ. ಆ ಕಲೆ ಕಾಯಿಲೆ ಮುಂದುವರಿದಿರುವುದರ ಲಕ್ಷಣವಲ್ಲ ಎಂದು ತಂಗಿಗೆ ಹೇಳಿ. ಗುಳ್ಳೆಯ ಮೇಲೆ ಸಣ್ಣ ಬಿಳಿ ಗೆರೆಗಳ ಬಲೆ ಇದೆಯೇ ಎಂದು ಬೆಳಕಿನಲ್ಲಿ ನೋಡಿ. 1895ರಲ್ಲಿ ವಿಕ್‌ಹ್ಯಾಮ್ ಅವರು ವಿವರಿಸಿದ ಆ ಗೆರೆಗಳು ಈ ಕಾಯಿಲೆಯ ಗುರುತು. ಕೆನ್ನೆಯ ಒಳಬದಿಯಲ್ಲಿ ಅಂಥದೇ ಬಿಳಿ ಬಲೆ, ಉರಿ ಇದ್ದರೆ ವೈದ್ಯರಿಗೆ ತಪ್ಪದೆ ತೋರಿಸಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಇದ್ದರೆ ಬಿಡಬೇಕು. ಚರ್ಮದ ಮೇಲಿನದು ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಶಾಂತವಾಗುತ್ತದೆ. ಬಾಯಿಯದು ಬಹಳ ಕಾಲ ಉಳಿಯಬಹುದು.

ಟಿ ಕೋಶಗಳ ಮಾತು ಬಂದದ್ದರಿಂದ ನಿಮ್ಮ ಊರಿನವರಿಗೂ ಒಂದು ಎಚ್ಚರಿಕೆ. ತೋಟ, ಬದು, ರಸ್ತೆಯ ಅಂಚಿನಲ್ಲೆಲ್ಲ ಬೆಳೆದಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ದೇಶದ ಉದ್ದಗಲಕ್ಕೂ ಹಬ್ಬಿತು. ರೈತರ ಮುಖ, ರೆಪ್ಪೆ, ಕುತ್ತಿಗೆಯಲ್ಲಿ ಅದು ತರುವ ಇಸುಬು ಮೇಲ್ನೋಟಕ್ಕೆ ಮಗನ ಇಸುಬಿನಂತೆಯೇ ಇರಬಹುದು. ಅಲ್ಲಿ ಟಿ ಕೋಶಗಳು ಆ ಗಿಡದ ರಾಸಾಯನಿಕವನ್ನು ನೆನಪಿಟ್ಟುಕೊಂಡಿರುತ್ತವೆ, ಪ್ರತಿ ಸಲ ಸೋಕಿದಾಗಲೂ ಕೆರಳುತ್ತವೆ. ಸಿಮೆಂಟು, ತಲೆಗೆ ಹಚ್ಚುವ ಬಣ್ಣ, ನಕಲಿ ಓಲೆಯ ನಿಕ್ಕಲ್ ಕೂಡ ಹೀಗೆಯೇ. ಬೆನ್ನಿಗೆ ಶಂಕಿತ ವಸ್ತುಗಳ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಸೋಕುವುದನ್ನು ತಪ್ಪಿಸದೆ ಮುಲಾಮು ಹಚ್ಚಿ ಪ್ರಯೋಜನವಿಲ್ಲ.

ಆ ಟ್ಯೂಬು ಮಗನಿಗೂ ಹಿಡಿಸಿದ್ದು ಯಾಕೆ?

ನೀವು ಮೋಸ ಹೋದದ್ದು ಇಲ್ಲಿ. ನಿಮ್ಮ ಮುಲಾಮಿನಲ್ಲಿ ಬಹುಶಃ ಜೋರಾದ ಸ್ಟೀರಾಯ್ಡ್ ಇದೆ. ಸ್ಟೀರಾಯ್ಡ್ ಮೂರು ತಂಡಗಳನ್ನೂ ಒಟ್ಟಿಗೆ ಸುಮ್ಮನಾಗಿಸುತ್ತದೆ. ಅದಕ್ಕೇ ಮಗನಿಗೂ ಮೂರೇ ದಿನದಲ್ಲಿ ಇಳಿಯಿತು. ಇಳಿದದ್ದನ್ನು ನೋಡಿ ಕಾಯಿಲೆಯೂ ಒಂದೇ ಎಂದು ನೀವು ತೀರ್ಮಾನಿಸಿದಿರಿ. ನಿಮ್ಮ ಮೊಣಕೈಯ ದಪ್ಪ ಚರ್ಮಕ್ಕೆ ಬರೆದುಕೊಟ್ಟ ಔಷಧಿ ಮಗುವಿನ ಮಡಿಕೆಯ ತೆಳು ಚರ್ಮದಲ್ಲಿ ಹಲವು ಪಟ್ಟು ಹೆಚ್ಚು ಒಳಗಿಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳ್ಳಗಾಗುತ್ತದೆ, ಗೆರೆ ಬೀಳುತ್ತದೆ. ಹುಳುಕಡ್ಡಿಯ ಮೇಲೆ ಹಚ್ಚಿದರಂತೂ ಶಿಲೀಂಧ್ರ ಒಳಗೊಳಗೇ ಹಬ್ಬಿ ಗುರುತೇ ಸಿಗದಂತಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬುಗಳಿಂದ ಹೀಗಾದವರನ್ನು ನಾವು ದಿನವೂ ನೋಡುತ್ತಿದ್ದೇವೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿಗೊಳಿಸಿದೆ.

ಹಾಗೆಂದು ಸ್ಟೀರಾಯ್ಡ್ ಹೆಸರು ಕೇಳಿದರೇ ಹೆದರಬೇಡಿ. ಮಗುವಿಗೂ ವೈದ್ಯರು ಸೌಮ್ಯವಾದ ಸ್ಟೀರಾಯ್ಡ್ ಬರೆಯಬಹುದು. ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಧೈರ್ಯವಾಗಿ ಹಚ್ಚಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಹೆದರಿ ಅರೆಬರೆ ಹಚ್ಚಿದರೆ ಕಾಯಿಲೆ ಎಳೆದಾಡುತ್ತದೆ.

ಈಗ ಮಾಡಬೇಕಾದದ್ದು

ಮಗನಿಗೆ: ಉಗುರು ಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ. ಕಡಲೆಹಿಟ್ಟು, ಸೀಗೆಪುಡಿ ಹಾಕಿ ಉಜ್ಜಬೇಡಿ, ನೀರಿಗೆ ಕ್ರಿಮಿನಾಶಕ ದ್ರಾವಣ ಸುರಿಯಬೇಡಿ. ಮೈ ಒತ್ತಿ ಒರೆಸಿ, ತೇವ ಆರುವ ಮೊದಲೇ ತೇವಕಾರಕ ಕ್ರೀಮನ್ನು ಧಾರಾಳವಾಗಿ ಸವರಿ, ದಿನಕ್ಕೆ ಎರಡು ಮೂರು ಸಲ. ಇದು ಸೋರುತ್ತಿರುವ ಗೋಡೆಗೆ ಗಾರೆ ಮೆತ್ತಿದ ಹಾಗೆ, ಚರ್ಮ ಚೆನ್ನಾಗಿ ಕಂಡ ದಿನವೂ ತಪ್ಪಿಸಬಾರದು. ಕ್ರೀಮು ಕೊಳ್ಳಲು ಕಷ್ಟವಾದರೆ ನಿಮ್ಮ ಊರಿನ ಗಾಣದ ಶುದ್ಧ ಕೊಬ್ಬರಿ ಎಣ್ಣೆಯನ್ನೇ ಹಚ್ಚಿ. ಉಗುರು ಗಿಡ್ಡ ಇರಲಿ, ಹತ್ತಿ ಬಟ್ಟೆ ಇರಲಿ. ಸೊಪ್ಪು ಅರೆದು ಹಚ್ಚುವುದು ಬೇಡ, ಒಡೆದ ಚರ್ಮ ಇನ್ನೂ ಕೆರಳುತ್ತದೆ.

ಊಟದ ವಿಷಯಕ್ಕೆ ಬಂದರೆ, ನಂಜೆಂದು ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ, ಲಾಭವೂ ಇಲ್ಲ. ಹಾಲು, ಮೊಟ್ಟೆ, ಬೇಳೆ, ಕಡಲೆಬೀಜ ಎಲ್ಲ ಬಿಡಿಸಿದರೆ ಮಾತ್ರ ಬೆಳೆಯುವ ಮಗು ಸೊರಗುತ್ತದೆ. ಯಾವುದೋ ಒಂದನ್ನು ತಿಂದ ಕೂಡಲೇ ಪ್ರತಿ ಸಲ ಮೈ ದಡ್ಡು ಏಳುವುದು, ತುಟಿ ಊದುವುದು ಕಂಡರೆ ವೈದ್ಯರಿಗೆ ಹೇಳಿ. ಲಸಿಕೆಗಳನ್ನು ಸಮಯಕ್ಕೆ ಸರಿಯಾಗಿ ಹಾಕಿಸಿ.

ರಾತ್ರಿ ತುರಿಕೆ ಎಂದಾಗ ಕಜ್ಜಿಯನ್ನೂ ಮರೆಯಬಾರದು. ಬೆರಳ ಸಂದಿಯಲ್ಲಿ ಗುಳ್ಳೆ ಇದ್ದು ಮನೆಯ ಇತರರೂ ಕೆರೆಯುತ್ತಿದ್ದರೆ ಅದು ಹುಳದಿಂದ ಬರುವ, ನಿಜವಾಗಿ ಅಂಟುವ ಕಾಯಿಲೆ. ಅದರ ಚಿಕಿತ್ಸೆಯೇ ಬೇರೆ, ಮನೆಯವರೆಲ್ಲ ಒಟ್ಟಿಗೆ ತೆಗೆದುಕೊಳ್ಳಬೇಕು.

ನಿಮಗೆ: ಬೆಳಿಗ್ಗೆ ಎದ್ದಾಗ ಬೆರಳು, ಹಿಮ್ಮಡಿ, ಸೊಂಟ ಬಿಗಿಯುತ್ತಿದ್ದರೆ, ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ ಕೂಡಲೇ ತೋರಿಸಿ. ಸೋರಿಯಾಸಿಸ್ ತರುವ ಟಿ ಕೋಶಗಳು ಕೀಲಿಗೂ ಇಳಿಯುತ್ತವೆ, ತಡವಾದರೆ ಕೀಲು ಹಾಳಾಗುತ್ತದೆ. ಬಿಪಿ, ಸಕ್ಕರೆ, ತೂಕ ನೋಡಿಸಿಕೊಳ್ಳಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ, ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ಗರ್ಭಿಣಿಯರಿಗೆ ಆಗದು. ಬೇಗ ವಾಸಿ ಮಾಡುತ್ತೇನೆಂದು ಯಾರಾದರೂ ಸ್ಟೀರಾಯ್ಡ್ ಇಂಜೆಕ್ಷನ್, ಮಾತ್ರೆ ಕೊಟ್ಟರೆ ಒಪ್ಪಬೇಡಿ. ಅದನ್ನು ನಿಲ್ಲಿಸಿದಾಗ ಮೈತುಂಬ ಕೀವುಗುಳ್ಳೆ ಏಳುವ ಅಪಾಯವಿದೆ. ಮುಂದೊಮ್ಮೆ ಇಂಟರ್‌ಲ್ಯೂಕಿನ್ ತಡೆಯುವ ದುಬಾರಿ ಇಂಜೆಕ್ಷನ್ ಬೇಕಾದರೆ ಮೊದಲು ಕ್ಷಯದ ಪರೀಕ್ಷೆ ಮಾಡಿಸುವುದು ನಮ್ಮ ದೇಶದಲ್ಲಿ ಕಡ್ಡಾಯವಾಗಿ ಆಗಬೇಕಾದ ಕೆಲಸ.

ತಡ ಮಾಡಬಾರದ ಹೊತ್ತು ಯಾವುದು? ಮಗುವಿಗೆ ಜ್ವರ ಬಂದು ಇಸುಬಿನ ಮೇಲೆ ಒಂದೇ ಅಳತೆಯ ಪುಟ್ಟ ನೀರುಗುಳ್ಳೆ, ಕೊರೆದಂಥ ಹುಣ್ಣು ಎದ್ದರೆ ಅದು ಹರ್ಪಿಸ್ ವೈರಸ್ಸು ಇರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮಗೆ ಮೈಯೆಲ್ಲ ಕೆಂಪಾಗಿ ಚಳಿ ಹಿಡಿದರೂ ಹಾಗೆಯೇ.

ಅತ್ತೆಯವರ ಮೇಲೆ ಕೋಪ ಬೇಡ. ಮೊಮ್ಮಗ ರಾತ್ರಿಯೆಲ್ಲ ಕೆರೆಯುವುದನ್ನು ನೋಡಲಾರದೆ ಆಡಿದ ಮಾತದು. ಈ ಪುಟವನ್ನು ಅವರಿಗೂ ಓದಿ ಹೇಳಿ. ಸಾಧ್ಯವಾದರೆ ಆಸ್ಪತ್ರೆಗೆ ಅವರನ್ನೂ ಜೊತೆಗೆ ಕರೆದೊಯ್ಯಿರಿ, ವೈದ್ಯರ ಬಾಯಿಂದಲೇ ಕೇಳಲಿ.

ಇದೇ ವಾರ ನೀವು, ಮಗ, ತಂಗಿ ಮೂವರೂ ಚರ್ಮದ ವೈದ್ಯರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ, ಆ ಪುಡಿಯ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮೂವರೂ ಬೇರೆ ಬೇರೆ ಚೀಟಿ ಮಾಡಿಸಿ. ಔಷಧಿ ಬರೆಯುವ ಮೊದಲು "ಇದರ ಹೆಸರೇನು ಡಾಕ್ಟರೇ?" ಎಂದು ಕೇಳಿ, ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಇದನ್ನು ಓದುತ್ತಿರುವ ಎಲ್ಲರಲ್ಲೂ ನನ್ನ ಕೋರಿಕೆ ಇದೇ: ಮುಲಾಮಿನ ಹೆಸರು ಕೇಳುವ ಮೊದಲು ಕಾಯಿಲೆಯ ಹೆಸರು ಕೇಳಿ. ಒಬ್ಬರಿಗೆ ಬರೆದ ಟ್ಯೂಬನ್ನು ಇನ್ನೊಬ್ಬರ ಮೈಗೆ ಹಚ್ಚಬೇಡಿ.